ಹಲ್ಲಿ ದೀಪ ಬದಲಿಸಿದ್ದು

ಅಡುಗೆಮನೆಯ ಟ್ಯೂಬ್‌ಲೈಟಿಗೆ ಮುತ್ತುವ ಹುಳ ತಿಂದು, ಬಾಡಿಗೆಗೆ ಬದಲಾಗಿ ತಿಂಗಳಿಗೊಮ್ಮೆ ಬಾಲದಿಂದ ಅದರ ಧೂಳು ಒರೆಸುವುದೆಂದು ಹಲ್ಲಿ ಒಪ್ಪಿತ್ತು. ಮೂರು ತಿಂಗಳು ಒರೆಸದೆ, ನಾಲ್ಕನೆಯ ತಿಂಗಳು ಹಜಾರದ ಹೊಸ ಬಲ್ಬಿನ ಬಳಿಗೆ ಬಂತು.

“ಅಲ್ಲಿ ಸೇವೆ ಸರಿಯಿಲ್ಲ ಸ್ವಾಮಿ. ಬೆಳಕು ತೀರಾ ಮಂಕು.”

“ಧೂಳು ಕೂತಿರಬೇಕು,” ಎಂದಿತು ಬಲ್ಬು. “ಹಳೇ ಬಾಕಿ ಏನಾದರೂ ಇದೆಯೇ?”

“ಬಾಕಿ ಉಳಿಸಿಕೊಳ್ಳುವ ವಂಶವೇ ನಮ್ಮದಲ್ಲ. ಯಾರದೇ ಮಾತಿಗೆ ನಾವು ಲೊಚಗುಟ್ಟಿದರೆ, ಅದು ಸತ್ಯವೆಂದು ಮನುಷ್ಯರೇ ನೆಲ ತಟ್ಟಿ ಒಪ್ಪುತ್ತಾರೆ.”

“ಸಂತೋಷ. ಆದರೆ ಆ ಟ್ಯೂಬ್‌ಲೈಟೂ ನಾನೂ ಒಂದೇ ವೈರಿನವರು. ನಿಮ್ಮದು ಮೂರು ತಿಂಗಳ ಬಾಕಿ ಇದೆ ಎಂದು ಅಡುಗೆಮನೆಯವರು ಹೇಳಿದರಲ್ಲ?”

ಅದು ಸುಳ್ಳೆನ್ನಲು ಹಲ್ಲಿ ಬಾಯಿ ತೆರೆಯಿತು. ಹುಟ್ಟುಗುಣ ಎಲ್ಲಿ ಹೋದೀತು? ತಿಂಗಳಿಗೊಂದರಂತೆ ಮೂರು ಸಲ ಲೊಚಗುಟ್ಟಿತು.