ಬಿಳಿ ಎಲೆಯ ರಾಣಿ ಮತ್ತು ಬಿದಿಗೆಯ ಚಂದ್ರ

"ಅಜ್ಜಾ, ಕೋಟೆ ಬಾಗಿಲಿಗೆ ದಾರಿ ಯಾವುದು?"

ಕೇಳಿದವಳು ಸಂಕವ್ವ. ಸೂಜಿ, ಬಾಚಣಿಗೆ ಮಾರುತ್ತ ರಾಜ್ಯ ರಾಜ್ಯ ತಿರುಗುವವಳು. ಒಂದೂರಲ್ಲಿ ಕಾಲು ನಿಲ್ಲದ ಹೆಂಗಸು. ಸಂಕ್ರಾಂತಿಯ ಮಾರನೆಯ ಸಂಜೆ ಹಾಲುಗುಡ್ಡವೆಂಬ ರಾಜ್ಯಕ್ಕೆ ಬಂದು, ಮಬ್ಬಿನಲ್ಲಿ ದಾರಿ ತಪ್ಪಿದ್ದಳು. ಅವಳಿಗೆ ಸಿಕ್ಕವನು ಬರಮಜ್ಜ, ಆ ಕೋಟೆಯ ಮುದಿ ಕಾವಲುಗಾರ.

ಬರಮಜ್ಜ ಕೋಲೆತ್ತಿ ಬಲಕ್ಕೆ ತೋರಿಸಿದ. ಸಂಕವ್ವ ಹೋಗಿ ಎಮ್ಮೆ ಕೊಟ್ಟಿಗೆ ಹೊಕ್ಕಳು. ತಿರುಗಿ ಬಂದಳು. ಎಡಕ್ಕೆ ತೋರಿಸಿದ. ಹೋಗಿ ಕೆಸರಿಗೆ ಇಳಿದಳು. ತಿರುಗಿ ಬಂದಳು. ನೆಟ್ಟಗೆ ಹೋಗು ಎಂದ. ನೆಟ್ಟಗೆ ಹೋಗಿ ಅವನದೇ ಗುಡಿಸಲಿನ ಗೋಡೆಗೆ ಹಣೆ ಬಡಿದುಕೊಂಡಳು.

"ಕಾವಲು ಕಾಯೋನಿಗೇ ಬಾಗಿಲು ಕಾಣದಲ್ಲ ಅಜ್ಜ. ಪಾಪ, ಕಳ್ಳರು ಬಂದು ದಾರಿ ಕೇಳಿದರೆ ಅವರ ಗತಿ ಏನು?"

"ಅದಕ್ಕೇ ಮಗಳೇ, ನಮ್ಮಲ್ಲಿ ಕಳ್ಳತನ ಕಡಿಮೆ," ಎಂದ ಬರಮಜ್ಜ.

ತಪ್ಪಿಗೆ ನಾಚಿ ಅವಳನ್ನು ಗುಡಿಸಲಿಗೆ ಕರೆದ. ತನ್ನ ಪಾಲಿನ ಊಟವನ್ನೆಲ್ಲ ಅವಳಿಗೇ ಬಡಿಸಿ, ತಾನು ಒಂದು ಚೊಂಬು ನೀರು ಕುಡಿದು ಮಲಗಿದ. ಎಲೆಯ ಮೇಲೆ ಇದ್ದದ್ದು ಅನ್ನ, ಮೊಸರು, ಸಕ್ಕರೆ. ಸಾರಿಲ್ಲ, ಪಲ್ಯವಿಲ್ಲ. ಯಾಕೆಂದು ಕೇಳಿದರೆ, ಅದು ಈ ರಾಜ್ಯದ ಮರ್ಯಾದೆಯಂತೆ. ಕೂದಲು ಬೆಳ್ಳಗಾದವರ ಎಲೆಯೂ ಬೆಳ್ಳಗಿರಬೇಕು. ಸೊಪ್ಪು, ತರಕಾರಿ, ಹಣ್ಣು ಏನಿದ್ದರೂ ಎಳೆಯರಿಗೆ.

ಸಂಕವ್ವ ಬಗೆಬಗೆಯ ಮರ್ಯಾದೆ ಕಂಡವಳು. ಕೆಲವು ಹೊಟ್ಟೆ ತುಂಬಿಸುತ್ತವೆ, ಕೆಲವು ಬರೀ ತಲೆ ತುಂಬಿಸುತ್ತವೆ. ಇದು ಎರಡನೆಯ ಜಾತಿಯದು ಅಂದುಕೊಂಡಳು. "ಅಜ್ಜ, ನಿನ್ನ ಈ ಊಟದ ಋಣ ನನ್ನ ಮೇಲಿದೆ. ತೀರಿಸದೆ ಗಡಿ ದಾಟೋದಿಲ್ಲ," ಎಂದು ಕತ್ತಲೆಗೆ ಹೇಳಿ ಮಲಗಿದಳು.

ಬೆಳಗಾಯಿತು. ಅರಮನೆಗೆ ಸೂಜಿ ಮಾರಲು ಹೋದಳು. ಮುದಿ ರಾಣಿ ಹೊನ್ನಮಾಂಬೆ ತೊಟ್ಟಿಲು ತೂಗುತ್ತ ಕೂತಿದ್ದಳು. ತೊಟ್ಟಿಲಲ್ಲಿ ತಾಯಿತಂದೆ ಇಲ್ಲದ ಮೊಮ್ಮಗಳು, ಆ ಸಿಂಹಾಸನಕ್ಕೆ ಉಳಿದ ಒಂದೇ ಕುಡಿ. ರಾಣಿ ಸಣ್ಣ ಸೂಜಿ ಬೇಡವೆಂದು ದಬ್ಬಣ ಕೇಳಿದಳು. ಬೇರೆ ಊರಲ್ಲಿ ಅಜ್ಜಿಯರು ಜಗಳ ಮಾಡಿ ಸಣ್ಣ ಸೂಜಿ ಕೊಳ್ಳುತ್ತಾರೆ, ನಿಮ್ಮಲ್ಲಿ ಎಲ್ಲರಿಗೂ ದಬ್ಬಣವೇ ಬೇಕಲ್ಲ ತಾಯಿ ಎಂದಳು ಸಂಕವ್ವ. ರಾಣಿಯ ಕಣ್ಣು ತುಂಬಿತು.

ಅವಳಿಗೆ ಹಗಲು ದಬ್ಬಣದ ಕಣ್ಣಾದರೂ ಕಾಣುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಯಾರೋ ತಲೆಗೆ ಕಂಬಳಿ ಹೊದಿಸಿದ ಹಾಗೆ. ಆ ರಾಜ್ಯದ ಕಟ್ಟಳೆಯೋ, ಯುಗಾದಿಯ ಮಾರನೆ ದಿನ, ಬಿದಿಗೆಯ ಸಂಜೆ, ಪಟ್ಟದಲ್ಲಿ ಕೂತವರು ಉಪ್ಪರಿಗೆ ಹತ್ತಿ, ಜನರೆದುರು, ತಮ್ಮ ಬೆರಳಿಂದಲೇ ಚಂದ್ರನನ್ನು ತೋರಿಸಬೇಕು. ತೋರಿಸದಿದ್ದರೆ ರಾಜಮುದ್ರೆ ಪಾರುಪತ್ಯಗಾರನ ಕೈಗೆ.

"ಮುದ್ರೆ ಆ ನಾಗರಸನ ಕೈಗೆ ಹೋದರೆ, ಈ ಕೂಸಿಗೆ ತೊಟ್ಟಿಲೂ ಉಳಿಯೋದಿಲ್ಲವ್ವ," ಎಂದಳು ರಾಣಿ.

ಈ ನಾಗರಸನೇ ಪಾರುಪತ್ಯಗಾರ, ಅರಮನೆಯ ಉಗ್ರಾಣವನ್ನೂ ಅಡುಗೆಮನೆಯನ್ನೂ ನೋಡಿಕೊಳ್ಳುವವನು. ರಾಣಿಯ ವಾರಿಗೆಯವನೇ. ಆದರೆ ತಲೆಗೆ ಬಣ್ಣ ಹಚ್ಚಿ ಕಾಗೆಯಷ್ಟು ಕಪ್ಪಗಿದ್ದ. ಕೂದಲು ಕಪ್ಪಗಿದ್ದರೆ ತಾನೇ ದಿನಾ ಸೊಪ್ಪಿನ ಪಲ್ಯ ತಿನ್ನಬಹುದು?

ಕಣ್ಣಿಗೆ ಕಂಬಳಿ ಹೊದಿಸಿದ್ದು ಈ ಬಿಳಿ ಎಲೆಯೇ, ಸೊಪ್ಪು ಹಣ್ಣು ತಿಂದರೆ ಸರಿದೀತು ಎಂದಳು ಸಂಕವ್ವ. ರಾಣಿ ಅವಳನ್ನು ಅಡುಗೆಗೆ ಇಟ್ಟುಕೊಂಡಳು. ಮೊದಲ ದಿನ ಸಂಕವ್ವ ನುಗ್ಗೆಸೊಪ್ಪು ಬಡಿಸಿದಳು. ರಾಣಿಗೆ ದನದ ಮೇವೇ ಎಂದು ನಾಗರಸ ಎಸೆಸಿದ. ಎರಡನೆಯ ದಿನ ಸಿಹಿಗುಂಬಳ ಬಡಿಸಿದಳು. ಹಿರಿತನಕ್ಕೆ ಅವಮಾನ ಎಂದು ಎಸೆಸಿದ. ಮೂರನೆಯ ದಿನ ಪರಂಗಿ ಹಣ್ಣು ಕೊಟ್ಟಳು. ಇನ್ನೊಮ್ಮೆ ಎಲೆಯಲ್ಲಿ ಬಣ್ಣ ಕಂಡರೆ ನಿನ್ನನ್ನು ಗಡಿಪಾರು ಮಾಡುತ್ತೇನೆ ಎಂದ. ಎದುರು ನುಡಿದರೆ ಜನ ಏನಂದಾರೋ ಎಂದು ರಾಣಿ ತಲೆ ತಗ್ಗಿಸಿದಳು.

ಸಂಕವ್ವ ಕೈ ಮುಗಿದಳು. "ತಪ್ಪಾಯ್ತು ಸ್ವಾಮಿ. ಪರದೇಶದವಳು, ತಿಳೀಲಿಲ್ಲ. ಇನ್ನು ಮೇಲೆ ನಿಮ್ಮ ಕಣ್ಣಿಗೆ ಬಿಳಿ ಬಿಟ್ಟು ಬೇರೇನೂ ಕಾಣದ ಹಾಗೆ ಬಡಿಸ್ತೀನಿ."

ಆಡಿದ ಮಾತು ನಡೆಸಿದಳು. ಬೆಳಗ್ಗೆ ಬೆಳ್ಳನೆಯ ಅಕ್ಕಿ ಕಡುಬು; ಒಳಗೆ ತುಪ್ಪದಲ್ಲಿ ಬಾಡಿಸಿದ ನುಗ್ಗೆಸೊಪ್ಪು. ಮಧ್ಯಾಹ್ನ ಬೆಳ್ಳನೆಯ ಅನ್ನದ ಗುಡ್ಡೆ. ಅಡಿಯಲ್ಲಿ ಸಿಹಿಗುಂಬಳದ ಪಲ್ಯ. ಸಂಜೆ ಬೆಳ್ಳನೆಯ ಕಾಯಿತುರಿ. ಕೆಳಗೆ ಪರಂಗಿ ಹೋಳು. ನಾಗರಸ ಬಾಗಿಲಲ್ಲಿ ನಿಂತು ಮೂರು ಹೊತ್ತೂ ನೋಡುತ್ತಿದ್ದ. ಎಲೆ ಬಿಳಿ. ಮೀಸೆ ತಿರುವಿಕೊಂಡು ಹೋಗುತ್ತಿದ್ದ. ಅದೇ ಕಡುಬು ಬುತ್ತಿ ಕಟ್ಟಿ ಬರಮಜ್ಜನಿಗೂ ಹೋಗುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ, ಸಂಜೆ ಮಬ್ಬಿನಲ್ಲಿ ತೊಟ್ಟಿಲಿಗೆ ಕಟ್ಟಿದ ಮರದ ಗಿಣಿ ರಾಣಿಗೆ ಕಂಡಿತು. ಸಂಕವ್ವನ ಕಿವಿಯಲ್ಲಿ ಮಾತ್ರ ಹೇಳಿದಳು.

ಬಿದಿಗೆ ಬಂತು. ಊರಿಗೆ ಊರೇ ಮಾಳಿಗೆ ಹತ್ತಿತು. ರಾಣಿ ಕೂಸನ್ನೆತ್ತಿಕೊಂಡು ಉಪ್ಪರಿಗೆಗೆ ಬಂದಳು. ಜನರೆದುರು ಅವಳು ಸುಳ್ಳು ಚಂದ್ರನನ್ನು ತೋರಿಸಿ ನಗೆಗೀಡಾಗಲೆಂದು ನಾಗರಸ ಪಕ್ಕಕ್ಕೆ ಬಂದು ನಿಂತ.

"ಅಗೋ ತಾಯಿ, ಚಂದ್ರ, ಗೋಪುರದ ಮೇಲೆ."

"ಅದು ಪೂಜಾರಿ ಇಟ್ಟ ದೀಪ," ಎಂದಳು ರಾಣಿ.

"ಅಲ್ಲಲ್ಲ, ಆಲದ ಮರದ ಪಕ್ಕ."

"ಅದು ಕೊಕ್ಕರೆ."

"ಕೆರೆ ಏರಿಯ ಮೇಲೆ ನೋಡಿ."

"ಅದು ಅಗಸರು ಒಣಹಾಕಿದ ಪಂಚೆ." ರಾಣಿ ಬೆರಳೆತ್ತಿದಳು. "ಚಂದ್ರ ಅಲ್ಲಿದ್ದಾನೆ, ಹುಣಸೆ ಮರದ ತುದಿಗೆ, ಕತ್ತರಿಸಿದ ಉಗುರಿನ ಹಾಗೆ. ಅದರ ಕೆಳಗೆ ನಿನ್ನ ಮಾಳಿಗೆ, ನಾಗರಸ. ನಿನ್ನ ಹೆಂಡತಿಯೂ ಚಂದ್ರನ ನೋಡೋಕೆ ಹತ್ತಿದ್ದಾಳೆ. ಅವಳು ಉಟ್ಟಿರೋದು ಹೋದ ದಸರೆಯಲ್ಲಿ ನನ್ನ ಪೆಟ್ಟಿಗೆಯಿಂದ ಕಾಣೆಯಾದ ಸೀರೆ. ಸೆರಗಿನ ಹಂಸಗಳನ್ನೂ ಎಣಿಸಲೇನು?"

ನಾಗರಸನಿಗೆ ಬೆವರೊಡೆಯಿತು. ಬೆವರಿಗೆ ತಲೆಯ ಬಣ್ಣ ಇಳಿದು ಮೂತಿ ಕರ್ರಗಾಯಿತು, ಕೂದಲು ಬೆಳ್ಳಗಾಯಿತು. ಜನ ನಕ್ಕ ನಗೆಗೆ ಆಲದ ಮರದ ಕೊಕ್ಕರೆ ಹಾರಿಹೋಯಿತು. ಕಡುಬಿನೊಳಗಿನ ಸೊಪ್ಪಿನ ಗುಟ್ಟನ್ನು ರಾಣಿ ಅಲ್ಲೇ ಜನರಿಗೆ ಹೇಳಿದಳು. ಅಂದಿಗೆ ಬಿಳಿ ಎಲೆಯ ಮರ್ಯಾದೆಯೂ ಹಾರಿಹೋಯಿತು. ನಾಗರಸನ ಪಾರುಪತ್ಯ ತಪ್ಪಿ, ಅರಮನೆಯಲ್ಲಿ ಸೊಪ್ಪು ಬಿಡಿಸುವ ಕೆಲಸ ಸಿಕ್ಕಿತು.

ಏನು ಬೇಕು ಕೇಳು ಎಂದಳು ರಾಣಿ. ಸಂಕವ್ವ ಕೇಳಿದ್ದು ಒಂದು ಗಾಡಿ. ಯಾಕೆಂದರೆ ಅಷ್ಟು ದಿನ ಕಡುಬು ತಿಂದರೂ ಬರಮಜ್ಜನ ಕಣ್ಣು ತಿಳಿಯಾಗಿರಲಿಲ್ಲ. ಹಗಲಲ್ಲಿ ಹತ್ತಿರ ಕೂತು ನೋಡಿದ್ದಳು: ಕಣ್ಣೊಳಗೂ ಬಿಳಿ, ಪೊರೆ ಬೆಳೆದಿತ್ತು. ಪೊರೆಗೆ ಸೊಪ್ಪು ಮದ್ದಲ್ಲ, ವೈದ್ಯನೇ ಬೇಕು. ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಪಕ್ಕದ ರಾಜ್ಯದ ಕಣ್ಣಿನ ವೈದ್ಯನಲ್ಲಿಗೆ ಹೋದಳು. ವೈದ್ಯ ಪೊರೆ ತೆಗೆದ.

ಕೇಳಿದಿರಲ್ಲ ಮಕ್ಕಳೇ, ಮನೆಗೆ ಹೋಗಿ ನಿಮ್ಮ ಅಜ್ಜ ಅಜ್ಜಿಯ ತಟ್ಟೆ ನೋಡಿ. ಹಿರಿಯರಿಗೆ ಮರ್ಯಾದೆ ಅಂದರೆ ತಟ್ಟೆಯಲ್ಲಿ ಸೊಪ್ಪು, ತರಕಾರಿ, ಹಣ್ಣು ಇರಬೇಕು. ಕಣ್ಣು ಮಬ್ಬಾದರೆ ವಯಸ್ಸಾಯಿತು ಬಿಡು ಅನ್ನದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಹಿರಿಯರ ಕಣ್ಣು ಮಬ್ಬಾದ ಮನೆಯಲ್ಲಿ ಕಳ್ಳನಿಗೆ ದಿನಾ ಹಬ್ಬ.

ಹಾಲುಗುಡ್ಡಕ್ಕೆ ಮರಳಿದ ದಿನ ಸಂಕವ್ವ ಬರಮಜ್ಜನ ಗುಡಿಸಲಲ್ಲಿ ಎಲೆ ಹಾಕಿ ಬಡಿಸಿದಳು. ಹಸಿರು ಪಲ್ಯ, ಹಳದಿ ಕುಂಬಳ, ಕೆಂಪು ಹಣ್ಣು, ನಡುವೆ ಒಂದಿಷ್ಟು ಬಿಳಿ ಅನ್ನ. ಬರಮಜ್ಜ ಬಹಳ ಹೊತ್ತು ಉಣ್ಣಲೇ ಇಲ್ಲ, ನೋಡುತ್ತ ಕೂತ. ಆಮೇಲೆ ಎಲೆ ಚೊಕ್ಕ ಮಾಡಿದ.

"ಋಣ ತೀರಿತೇನು ಅಜ್ಜ?"

"ತೀರಿತು ಮಗಳೇ."

"ಹಾಗಾದರೆ ಗಡಿಗೆ ದಾರಿ ಯಾವುದು?"

ಬರಮಜ್ಜ ಕೋಲೆತ್ತಿ ತೋರಿಸಿದ. ಈ ಸಲ ಎಮ್ಮೆ ಕೊಟ್ಟಿಗೆ ಅಡ್ಡ ಬರಲಿಲ್ಲ.