ಹಗೇವಿನ ಮೇಲೆ ಕೂತ ಪಾಲಯ್ಯ

ಬನ್ನಿ, ಕಾಲು ಮಡಿಚಿ ಹತ್ತಿರ ಕೂತುಕೊಳ್ಳಿ. ಆ ಕಡಲೆಕಾಯಿ ಸುಲಿಯುತ್ತಲೇ ಕೇಳಿ, ಕೈಗೆ ಕೆಲಸವಿದ್ದರೆ ಕಿವಿ ಚುರುಕಾಗುತ್ತೆ. ಆದರೆ ನಡುವೆ ಎದ್ದು ಹೋಗಬೇಡಿ. ಇದು ಮನೆಗೆ ಬರಬೇಕಾದವನ ಕಥೆ. ನೀವು ಎದ್ದು ಹೋದರೆ ಅವನು ಅಲ್ಲೇ ಉಳಿದುಬಿಡುತ್ತಾನೆ.

ಒಂದೂರಿನಲ್ಲಿ ಪಾಲಯ್ಯ ಅಂತ ಒಬ್ಬ ರೈತನಿದ್ದ. ಎರಡು ಎತ್ತು, ಒಂದಿಷ್ಟು ಎರೆಹೊಲ, ಮುದಿ ತಾಯಿ, ಏಳು ತಿಂಗಳ ಬಸುರಿ ಹೆಂಡತಿ ಓಬಮ್ಮ. ಇಷ್ಟೇ ಅವನ ಸಂಸಾರ. ಒಂದು ದಿನ ಊರಿಗೆ ದಂಡಿನವರು ಬಂದರು. ಆಗ ನಮ್ಮನ್ನು ಆಳುತ್ತಿದ್ದ ದೊರೆಗಳಿಗೆ ಸಮುದ್ರದಾಚೆ ಯಾರ ಜೊತೆಗೋ ಯುದ್ಧ. ಯಾತಕ್ಕೆ ಯುದ್ಧ ಅಂತ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ದಂಡಿನ ಸುಬೇದಾರ ಕಟ್ಟೆಯ ಮೇಲೆ ಕೂತು ನಗುನಗುತ್ತಾ ಕೇಳಿದ. "ಏನ್ರಪ್ಪಾ, ಎಂಥಾ ಪುಂಡ ಎತ್ತನ್ನೂ ಪಳಗಿಸೋ ಗಂಡಸು ಈ ಊರಲ್ಲಿ ಇದಾನೋ ಇಲ್ಲವೋ?"

ಜನ ಬಹುಮಾನ ಕೊಡೋಕೆ ಬಂದಿದ್ದಾನೆ ಅಂದುಕೊಂಡರು. ಊರಿನ ಮಾನದ ಪ್ರಶ್ನೆ ನೋಡಿ! "ಇಲ್ಲದೆ ಏನು? ನಮ್ಮ ಪಾಲಯ್ಯ ಇಲ್ವಾ!" ಅಂತ ಒಬ್ಬ ಕೂಗಿದ. "ನಮ್ಮ ಕೇರಿ ದ್ಯಾಮಣ್ಣ ಏನು ಕಮ್ಮಿಯೇನ್ರೀ?" ಅಂತ ಇನ್ನೊಬ್ಬ. ಇಬ್ಬರಿಗೂ ರುಮಾಲು ಸುತ್ತಿ ಮುಂದಕ್ಕೆ ತಳ್ಳಿದರು.

ಸುಬೇದಾರ ಎರಡು ಹೆಸರನ್ನೂ ಬರೆದುಕೊಂಡ. ನಗು ನಿಲ್ಲಿಸಿದ. "ದಂಡಿನ ಹೇಸರಗತ್ತೆ ಹೊಡೆಯೋಕೆ ಆಳು ಬೇಕು. ಇಬ್ಬರೂ ನಾಳೆ ಹೊರಡಿ. ಬರಲಿಲ್ಲವೋ, ಊರಿನ ಎತ್ತುಗಳನ್ನೆಲ್ಲ ಹೊಡಕೊಂಡು ಹೋಗ್ತೀವಿ."

ಕೂಗಿದ ಬಾಯಿಗಳೆಲ್ಲ ಹೊಲಿದ ಹಾಗೆ ಮುಚ್ಚಿಕೊಂಡವು. ದ್ಯಾಮಣ್ಣನಿಗೆ ಮದುವೆ ಗೊತ್ತಾಗಿ ಇನ್ನೂ ಹದಿನೈದು ದಿನವಷ್ಟೇ ಆಗಿತ್ತು.

ಹೊರಡುವಾಗ ಓಬಮ್ಮ ಕೇಳಿದಳು. "ಬಿತ್ತನೆಗೆ ಬರ್ತೀಯಾ?"

"ಬರ್ತೀನಿ."

"ಎತ್ತಿನ ಮುಖ ನೋಡ್ಕೊಂಡು ಹೇಳಬೇಡ. ನನ್ನ ಮುಖ ನೋಡಿ ಹೇಳು."

ಪಾಲಯ್ಯ ಎತ್ತಿನ ಮುಖವನ್ನೇ ನೋಡುತ್ತಾ ನಿಂತ.

ಹಡಗು ಹತ್ತಿಸಿ ಅವರನ್ನು ಯಾವುದೋ ಚಳಿಯ ದೇಶಕ್ಕೆ ಒಯ್ದರು. ಹೇಸರಗತ್ತೆಗಳ ಮೇಲೆ ಮದ್ದುಗುಂಡು ಹೇರಿಕೊಂಡು ಗುಡ್ಡ ಹತ್ತಬೇಕು. ಬೆಳಗ್ಗೆ ಜೊತೆಗೆ ಹೊರಟವನು ಸಂಜೆ ಇರುತ್ತಿರಲಿಲ್ಲ; ಅವನ ಕತ್ತೆ ಮಾತ್ರ ದಾರಿ ಕೇಳಿಕೊಂಡು ಬಂದಂತೆ ಒಂಟಿಯಾಗಿ ಬರುತ್ತಿತ್ತು. ಪಾಲಯ್ಯನಿಗೆ ಗುಂಡಿನ ಭಯಕ್ಕಿಂತ ತಿಂಗಳಿನ ಭಯ. ಓಬಮ್ಮನಿಗೆ ಎಂಟು ತಿಂಗಳು ತುಂಬಿತೇ? ಒಂಬತ್ತಕ್ಕೆ ಬಿತ್ತೇ? ಹೆರಿಗೆಗೆ ಯಾರಿದ್ದಾರೆ? ಬಿತ್ತೋಕೆ ಕೂರಿಗೆ ಹಿಡಿಯೋರು ಯಾರು?

ಒಂದು ಸಲ ದಂಡು ಅರ್ಧ ಸುಟ್ಟ ಹಳ್ಳಿಯೊಂದರಲ್ಲಿ ಬೀಡು ಬಿಟ್ಟಿತು. ಅಲ್ಲಿ ನಾಲ್ಕಾರು ಹೆಂಗಸರು, ಒಬ್ಬ ಮುದುಕ ಬಿಟ್ಟರೆ ಯಾರೂ ಇರಲಿಲ್ಲ. ದಂಡಿಗೆ ಹಿಟ್ಟು ಮುಗಿಯುತ್ತಾ ಬಂದಿತ್ತು. ಸುಬೇದಾರ ಎಲ್ಲರನ್ನೂ ನಿಲ್ಲಿಸಿ ಹೇಳಿದ. "ಇಲ್ಲಿಯವರು ಎಲ್ಲೋ ಕಾಳು ಬಚ್ಚಿಟ್ಟಿದ್ದಾರೆ. ತೋರಿಸಿದವನಿಗೆ ರಜೆ. ಬರೋ ಹಡಗಿಗೇ ಮನೆಗೆ!"

ಅದೇ ದಿನ ಪಾಲಯ್ಯ ಮುದುಕನ ಕೊಟ್ಟಿಗೆಯ ಹಿಂದೆ ಕತ್ತೆ ಕಟ್ಟಲು ಗೂಟ ಬಡಿಯುತ್ತಿದ್ದ. ನೆಲ 'ಧಂ' ಅಂದಿತು. ಹಿಮ್ಮಡಿಯಿಂದ ಮೆಟ್ಟಿ ನೋಡಿದ. ಮತ್ತೆ 'ಧಂ'. ಹಗೇವು! ಗೊತ್ತಲ್ಲ, ಕಾಳು ತುಂಬಿ ಬಾಯಿ ಮುಚ್ಚಿಡುವ ನೆಲದೊಳಗಿನ ಗುಂಡಿ. ನಮ್ಮ ಊರಲ್ಲಿರುವಂಥದೇ. ಹಡಗು, ಓಬಮ್ಮ, ತೊಟ್ಟಿಲು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು.

ತಲೆ ಎತ್ತಿದರೆ ಗೋಡೆಯ ಹತ್ತಿರ ಮುದುಕ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಮುದುಕ ಜೇಬಿನಿಂದ ಒಂದು ಹಿಡಿ ತೆಗೆದು ಅಂಗೈ ಬಿಚ್ಚಿ ತೋರಿಸಿದ. ಬೂದಿ ಬೆರೆಸಿದ ಗೋಧಿ. ಆಮೇಲೆ ಬರಿಗೈ ಬೀಸಿ, ಗಾಳಿಯಲ್ಲೇ ಬಿತ್ತಿ ತೋರಿಸಿದ.

ತಿನ್ನೋ ಕಾಳಿಗೆ ಯಾರಾದರೂ ಬೂದಿ ಹಚ್ಚುತ್ತಾರಾ? ಅದು ಬೀಜ. ಇಡೀ ಊರಿನ ಮುಂದಿನ ವರುಷದ ಬೀಜ.

ಪಾಲಯ್ಯ ಹಗೇವಿನ ಬಾಯಿಯ ಮೇಲೆ ಹುಲ್ಲು ಹರಡಿ, ಸುತ್ತ ಕತ್ತೆ ಕಟ್ಟಿ, ತನ್ನ ಕಂಬಳಿ ಹಾಸಿ ಕೂತುಬಿಟ್ಟ. ಎಂಟು ದಿನ ಅಲ್ಲೇ. ಸುಬೇದಾರನ ಬೂಟಿನ ಸದ್ದು ಹತ್ತಿರ ಬಂದರೆ ಸಾಕು, ನೆಲದ ಸದ್ದು ಕೇಳಿಸದಿರಲಿ ಅಂತ ಎದ್ದು ಕತ್ತೆಗಳನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ.

"ಏನಲೇ ಪಾಲ, ಮೊಟ್ಟೆ ಮೇಲೆ ಕೂತ ಹೇಂಟೆ ಹಂಗೆ ಕೂತಿದ್ದೀಯ?" ಅಂದ ದ್ಯಾಮಣ್ಣ.

"ಸೊಂಟ ನೋವು ಕಣೋ."

"ಮೂರು ಹೊತ್ತೂ ಸೊಂಟ ನೋವಾ?" ದ್ಯಾಮಣ್ಣನೂ ರೈತನ ಮಗನೇ. ಅವನಿಗೆ ಅನುಮಾನ ಬಂತು.

ಒಂಬತ್ತನೇ ದಿನ ಮಧ್ಯಾಹ್ನ ಪಾಲಯ್ಯ ಕತ್ತೆಗಳಿಗೆ ನೀರು ಕುಡಿಸಲು ಹೋದ. ದ್ಯಾಮಣ್ಣ ಓಡಿ ಬಂದು ಹುಲ್ಲು ಸರಿಸಿದ, ಚಪ್ಪಡಿ ಎತ್ತಿದ. ಒಂದು ಚೀಲ ತುಂಬಿ ಸುಬೇದಾರನ ಮುಂದೆ ಸುರಿದರೆ ಆಯಿತು, ಮದುವೆ! ಆ ಅವಸರದಲ್ಲಿ ನಮ್ಮ ಕಡೆ ಮಕ್ಕಳಿಗೂ ಗೊತ್ತಿರೋದನ್ನು ಮರೆತ. ಮುಚ್ಚಿದ ಹಗೇವಿನ ಗಾಳಿ ವಿಷ. ಬಾಯಿ ತೆರೆದು ಬಿಡಬೇಕು, ದೀಪ ಇಳಿಸಿ ನೋಡಬೇಕು, ದೀಪ ಆರದಿದ್ದರೆ ಮಾತ್ರ ಇಳಿಯಬೇಕು. ಅವನು ಧುಮುಕಿಬಿಟ್ಟ.

ಪಾಲಯ್ಯ ಹಿಂದಿರುಗಿದಾಗ ದ್ಯಾಮಣ್ಣ ಒಳಗೆ ಎಚ್ಚರ ತಪ್ಪಿ ಬಿದ್ದಿದ್ದ, ಮುದುಕ ಹಗೇವಿನ ಬಾಯಲ್ಲಿ ಮಂಡಿಯೂರಿದ್ದ. ಎಲೆ ತುಂಬಿದ ಕೊಂಬೆಯೊಂದನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಸುತ್ತಾ ಎಳೆಯುತ್ತಾ ಕೆಟ್ಟ ಗಾಳಿ ಕದಲಿಸುತ್ತಿದ್ದ. ಪಾಲಯ್ಯನ ಅಪ್ಪನೂ ಹೀಗೇ ಮಾಡುತ್ತಿದ್ದ! ಮುದುಕ ಸುಮ್ಮನೆ ಚಪ್ಪಡಿ ಮುಚ್ಚಿದ್ದರೆ ಗುಟ್ಟೂ ಉಳಿಯುತ್ತಿತ್ತು, ಬೀಜವೂ ಉಳಿಯುತ್ತಿತ್ತು. ಅವನು ಮುಚ್ಚಿರಲಿಲ್ಲ.

ಕೂಗಿ ಯಾರನ್ನೂ ಕರೆಯುವ ಹಾಗಿಲ್ಲ. ಪಾಲಯ್ಯ ಉಸಿರು ಬಿಗಿ ಹಿಡಿದು ಇಳಿದ, ದ್ಯಾಮಣ್ಣನ ಕಂಕುಳಿಗೆ ಹಗ್ಗ ಬಿಗಿದ, ಮೇಲೆ ಬಂದು ಹಗ್ಗವನ್ನು ಕತ್ತೆಗೆ ಕಟ್ಟಿದ. ಮುದುಕ ಕತ್ತೆಯನ್ನು ನಡೆಸಿದ. ದ್ಯಾಮಣ್ಣ ಹೆಣದ ಹಾಗೆ ಮೇಲೆ ಬಂದ. ಬೆನ್ನು ಗುದ್ದಿದರು, ನೀರು ಚಿಮುಕಿಸಿದರು. ಕೊನೆಗೆ ಕೆಮ್ಮಿದ. ಜೋರಾಗಿ ಕೆಮ್ಮಿದ.

ಗೋಡೆಯಾಚೆಯಿಂದ ಸುಬೇದಾರನ ದನಿ. "ಏನದು ಅಲ್ಲಿ?"

ಬೂಟಿನ ಸದ್ದು ಹತ್ತಿರವಾಯಿತು. ಪಾಲಯ್ಯನೂ ಮುದುಕನೂ ಚಪ್ಪಡಿ ಎಳೆದು ಹುಲ್ಲು ಮುಚ್ಚಿದರು. ಆದರೆ ದ್ಯಾಮಣ್ಣನ ಬಾಯಿ ಮುಚ್ಚುವುದು ಹೇಗೆ? ಅವನು ಮುದುಕನನ್ನೇ ನೋಡುತ್ತಿದ್ದ. ಒಂದು ಮಾತು ಆಡಿದರೆ ಅವನಿಗೆ ಮದುವೆ. ಮುದುಕನ ಊರಿಗೆ ಉಪವಾಸ.

ದ್ಯಾಮಣ್ಣ ತೆವಳಿ ಹೋಗಿ ಆ ಹುಲ್ಲಿನ ಮೇಲೇ ಕೂತ.

"ಏನಿಲ್ಲ ಸಾಹೇಬ್ರೇ. ಕತ್ತೆ ಒದೀತು."

"ಪುಂಡ ಎತ್ತು ಪಳಗಿಸೋ ಗಂಡಸಂತೆ!" ಸುಬೇದಾರ ನಕ್ಕು ಹೋದ.

ದ್ಯಾಮಣ್ಣ ಮೆಲ್ಲಗೆ ಕೇಳಿದ. "ಪಾಲ, ನಾನು ಅವನ ಬೀಜ ಕದಿಯೋಕೆ ಇಳಿದೋನು. ನನ್ನನ್ನ ಯಾಕಲೇ ಎತ್ತಿದ?"

"ಹಗೇವಿಗೆ ಬಿದ್ದೋನನ್ನ ಬಿಟ್ಟು ಹೋಗೋಕೆ ಅವನೇನು ದಂಡಿನವನೇನೋ? ರೈತ."

ಮೂರು ದಿನಕ್ಕೆ ದಂಡು ಮುಂದಕ್ಕೆ ಹೋಯಿತು. ಯಾರಿಗೂ ರಜೆ ಸಿಗಲಿಲ್ಲ.

ಆಮೇಲೆ ಯಾರು ಏನಾದರು ಅಂತೀರಾ? ಹೇಳ್ತೀನಿ. ಸುಬೇದಾರನಿಗೂ ಮನೆಯ ಹಡಗು ಸಿಗಲಿಲ್ಲ, ಆ ಗುಡ್ಡಗಳಲ್ಲೇ ಮಣ್ಣಾದ. ಪಾಪ, ಅವನಿಗೂ ಎಲ್ಲೋ ಒಬ್ಬ ತಾಯಿ ಇದ್ದಿರಬೇಕು. ದ್ಯಾಮಣ್ಣನಿಗೆ ಗೊತ್ತಾಗಿದ್ದ ಹುಡುಗಿಯನ್ನು ಬೇರೆ ಕಡೆ ಕೊಟ್ಟಿದ್ದರು. ತಡವಾಗಿ ಬೇರೆ ಮದುವೆಯಾದ. ಊರಲ್ಲಿ ಯಾರು ಹಗೇವು ತೆರೆದರೂ ಕೆಮ್ಮುತ್ತಾ ಹೋಗಿ ಬಾಯಲ್ಲಿ ಕೂರುತ್ತಿದ್ದ, ದೀಪ ಇಳಿಸದೆ ಒಬ್ಬರನ್ನೂ ಬಿಡುತ್ತಿರಲಿಲ್ಲ. ಪಾಲಯ್ಯನ ತಾಯಿ ಮಗನ ದಾರಿ ನೋಡುತ್ತಲೇ ತೀರಿಕೊಂಡಳು. ಅವನ ಹೊಲ ಬೀಳು ಬೀಳಲಿಲ್ಲ. ಅಂದು ಕಟ್ಟೆಯ ಹತ್ತಿರ ಅವನ ಹೆಸರು ಕೂಗಿದವರೇ ಪ್ರತಿ ವರುಷ ಬಂದು, ತಮ್ಮ ಹೊಲಕ್ಕೂ ಮೊದಲು ಅವನ ಹೊಲ ಬಿತ್ತಿಕೊಟ್ಟರು.

ಪಾಲಯ್ಯ ಬಂದದ್ದು ಮೂರು ಬಿತ್ತನೆ ಕಳೆದ ಮೇಲೆ. ಎತ್ತಿನ ಮರೆಯಿಂದ ಒಂದು ಹೆಣ್ಣುಮಗು ಇಣುಕಿ, "ಅವ್ವಾ, ಯಾರೋ ಬಂದವ್ರೆ" ಅಂತು.

ಓಬಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. "ಬಿತ್ತನೆಗೆ ಬರ್ತೀನಿ ಅಂದಿದ್ದ ಆಳು ಕಣವ್ವ. ಮೂರು ವರುಷ ತಡವಾಗಿ ಬಂದವ್ನೆ. ಕಾಲಿಗೆ ನೀರು ಕೊಡು" ಅಂದಳು.

ಆ ಮುದುಕ ಏನಾದನೋ, ಅದೊಂದು ಮಾತ್ರ ನನಗೂ ಗೊತ್ತಿಲ್ಲ. ಪಾಲಯ್ಯ ಮಾತ್ರ ಬದುಕಿರುವವರೆಗೂ ಕೂರಿಗೆಗೆ ಮೊದಲ ಹಿಡಿ ಕಾಳು ಬಿಡುವಾಗ ಒಂದು ಗಳಿಗೆ ಕೈ ತಡೆದು, "ಅವನೂ ಬಿತ್ತಿರ್ತಾನೆ" ಅನ್ನುತ್ತಿದ್ದ.

ನೀತಿ: ಯುದ್ಧ ಯಾರದೇ ಆಗಿರಲಿ, ಬಿತ್ತುವ ಬೀಜಕ್ಕೆ ಕೈ ಹಾಕಬಾರದು. ಇನ್ನೊಬ್ಬರ ಮನೆ ಬರಿದು ಮಾಡಿ ನಮ್ಮ ಮನೆಗೆ ಬೇಗ ಹೋಗುವುದಕ್ಕಿಂತ, ತಡವಾಗಿ ಹೋಗುವುದೇ ಮೇಲು.