ಆಚೆ ದಂಡೆ ಕಾಣದ ನೀರು

ಆ ಕಾಲಕ್ಕೆ ರಾಣೆಬೆನ್ನೂರಿನ ಆ ಓಣಿಯವರೆಲ್ಲ ನಂಬಿದ್ದು ಇಷ್ಟು: ಓಣಿಯಲ್ಲಿ ಪೆದ್ದ ಒಬ್ಬನೇ, ಅವನು ಹಾಲವ್ವನ ಮಗ ಗುಡ್ಡಪ್ಪ.

ನಂಬಿಕೆಗೆ ಆಧಾರವಿತ್ತು. ಹಾಲು ಉಕ್ಕುತ್ತದೇನೋ ನೋಡು ಎಂದರೆ ಗುಡ್ಡಪ್ಪ ನೋಡುತ್ತಿದ್ದ. ಉಕ್ಕಿ ಮುಗಿಯುವವರೆಗೂ ನೋಡುತ್ತಿದ್ದ. ಹಾಲವ್ವ ಹಣೆ ಬಡಿದುಕೊಂಡರೆ, ‘ನೋಡು ಅಂದಿದ್ದಿ, ನೋಡೇನಿ’ ಅನ್ನುತ್ತಿದ್ದ.

ಇಂಥವನಿಗೂ ಮದುವೆಯಾಯಿತು. ಹೆಂಡತಿ ನಾಗವೇಣಿ ಏಳನೆಯ ತರಗತಿ ಪಾಸು, ಮಾತಿನಲ್ಲಿ ಚುರುಕು. ಸೋದರಮಾವ ತನ್ನ ಹಳೆಯ ಮೋಟರ್‌ಸೈಕಲ್ಲನ್ನು, ಓಣಿಯವರ ಬಾಯಲ್ಲಿ ಫಟಫಟಿ, ಉಡುಗೊರೆ ಕೊಟ್ಟ. ಗುಡ್ಡಪ್ಪ ಅದನ್ನು ಓಡಿಸಲು ಕಲಿತ. ಎಲ್ಲಿಗೆ ಓಡಿಸಬೇಕೆಂಬುದನ್ನು ಕಲಿಯಲಿಲ್ಲ.

ನಾಗವೇಣಿಗೆ ಇದ್ದ ಆಸೆ ಒಂದೇ, ಸಮುದ್ರ ನೋಡುವುದು. ಅವಳ ಅಕ್ಕ ಗಿರಿಜವ್ವ ಹೋದ ವರ್ಷ ಗಂಡನ ಜೊತೆ ಹೊನ್ನಾವರಕ್ಕೆ ಹೋಗಿ ಒಂದು ಕಪ್ಪೆಚಿಪ್ಪು ತಂದಿದ್ದಳು. ಅಂದಿನಿಂದ ಅದನ್ನು ಪ್ರತಿ ಹಬ್ಬಕ್ಕೂ ತಂದು ತೋರಿಸುತ್ತಿದ್ದಳು.

“ಅತ್ತಿ, ಸಂಕ್ರಾಂತಿಯೊಳಗ ನಾ ಸಮುದ್ರ ನೋಡಬೇಕು. ಇಲ್ಲಂದ್ರ ತವರುಮನಿಗೆ ಹೋಗ್ತೀನಿ. ಕರಿಯಾಕ ಬರಬ್ಯಾಡ್ರಿ.”

ಹಾಲವ್ವ ಹೆದರಿದಳು. ಮಗನಿಗೆ ಇನ್ನೊಂದು ಹೆಣ್ಣು ಸಿಕ್ಕೀತೇ? ಅದೂ ಅಲ್ಲದೆ, ಆ ಮನೆಯಲ್ಲಿ ಹಾಲವ್ವನ ಜೊತೆ ಮಾತಾಡಲು ಇದ್ದವಳು ನಾಗವೇಣಿ ಒಬ್ಬಳೇ.

“ಗುಡ್ಡಾ, ನಾಳೆ ಒಬ್ಬನ ಹೋಗಿ ಸಮುದ್ರದ ದಾರಿ ಸ್ವಲ್ಪ ನೋಡಿಕೊಂಡು ಬಾ. ದಾರಿ ತಿಳಿಯದಿದ್ರ ಮುಂದಿನ ಗಾಡಿ ಹಿಂದ ಹೋಗು.”

“ಆತವ್ವ.”

ಹೋದ. ಊರು ದಾಟಿದ ಕೂಡಲೇ ದಾರಿ ತಿಳಿಯಲಿಲ್ಲ. ಮುಂದೆ ಒಂದು ಟೆಂಪೊ ಹೋಗುತ್ತಿತ್ತು, ಅದರ ತುಂಬ ಬ್ಯಾಂಡಿನವರು. ಗುಡ್ಡಪ್ಪ ಅದರ ಹಿಂದೆ ಹೋದ. ಟೆಂಪೊ ಎಡಕ್ಕೆ, ಗುಡ್ಡಪ್ಪ ಎಡಕ್ಕೆ. ಟೆಂಪೊ ಬಲಕ್ಕೆ, ಗುಡ್ಡಪ್ಪ ಬಲಕ್ಕೆ. ಸಂಜೆ ಮನೆಗೆ ಬಂದಾಗ ಕೈಯಲ್ಲಿ ತೆಂಗಿನಕಾಯಿ, ಹಣೆ ಮೇಲೆ ಅಕ್ಷತೆ.

“ಎಲ್ಲಿ ಹೋಗಿದ್ಯೋ?”

“ಮದುವಿಗೆ.”

“ಯಾರ ಮದುವಿ?”

“ಕೇಳಲಿಲ್ಲವ್ವ. ಹೋಳಿಗಿ ಚಲೋ ಇತ್ತು.”

“ಸಮುದ್ರದ ದಾರಿ ನೋಡಂದ್ರ ಯಾರದೋ ಮದುವಿ ಉಂಡು ಬಂದ್ಯಲ್ಲೋ! ಗಾಡಿ ಹಿಂದ ಹೋಗಬ್ಯಾಡ. ಬೋರ್ಡು ನೋಡು. ಬೋರ್ಡು ಏನು ಹೇಳತೈತಿ, ಹಂಗ ಮಾಡು.”

“ಆತವ್ವ.”

ಮರುದಿನ ಹೋದ. ಗುಡಿಯ ಮುಂದೆ ಒಂದು ಬೋರ್ಡು: ‘ಪಾದರಕ್ಷೆಗಳನ್ನು ಇಲ್ಲಿ ಬಿಡಿ.’ ಬಿಟ್ಟ. ಮುಂದೆ ಶಾಲೆಯ ಗೇಟಿಗೆ ಇನ್ನೊಂದು: ‘ರಕ್ತದಾನ ಮಾಡಿ.’ ಮಾಡಿದ. ಅದರಾಚೆ ಬಸ್ ನಿಲ್ದಾಣದ ಹತ್ತಿರ ಮತ್ತೊಂದು. ಅದನ್ನೂ ಪಾಲಿಸಿದ.

ಸಂಜೆ ಬರಿಗಾಲಲ್ಲಿ, ತೋಳಿಗೆ ಹತ್ತಿ ಅಂಟಿಸಿಕೊಂಡು, ನಡೆಯುತ್ತ ಬಂದ.

“ಚಪ್ಲಿ ಎಲ್ಲೋ?”

“ಬಿಡ್ರಿ ಅಂತ ಬರದಿದ್ರು. ಬಿಟ್ಟೆ.”

“ತೋಳಿಗೆ ಏನೋ?”

“ರಕ್ತ ಕೊಡ್ರಿ ಅಂತ ಬರದಿದ್ರು. ಕೊಟ್ಟೆ. ಬಾಳೆಹಣ್ಣು ಕೊಟ್ಟರವ್ವ.”

“ಫಟಫಟಿ ಎಲ್ಲೋ, ಫಟಫಟಿ!”

“ವಾಹನಗಳನ್ನು ಇಲ್ಲಿ ನಿಲ್ಲಿಸಿ ಅಂತ ಇತ್ತು. ನಿಲ್ಲಿಸೇನಿ. ಎಷ್ಟು ಹೊತ್ತು ಅಂತ ಬರದಿರಲಿಲ್ಲ.”

“ಅಯ್ಯೋ ಶಿವನ! ಆ ಬೋರ್ಡಿಗೆ ಬೆಂಕಿ ಹಾಕ!”

ಗುಡ್ಡಪ್ಪ ಕಡ್ಡಿಪೆಟ್ಟಿಗೆ ತರಲು ಎದ್ದ.

“ಕುಂದರೋ! ಖರೇನ ಹಾಕಬ್ಯಾಡ! ಇನ್ಮ್ಯಾಲೆ ಬೋರ್ಡು ಓದಬ್ಯಾಡ. ದೊಡ್ಡವರನ್ನ ಕೇಳು. ಅವರು ಹೇಳಿದ್ದು ಮೀರಬ್ಯಾಡ.”

“ಆತವ್ವ.”

ಮೂರನೆಯ ದಿನ ಫಟಫಟಿ ನಿಲ್ಲಿಸಿದ್ದಲ್ಲೇ ಇತ್ತು. ಹತ್ತಿ ಹೊರಟ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜನನ್ನು ಕೇಳಿದ. ಅಜ್ಜ ಕೈ ಚಾಚಿ, “ನೆಟ್ಟಗ ಹೋಗಪ, ಎಲ್ಲೂ ತಿರುಗಬ್ಯಾಡ” ಅಂದ. ಅರ್ಧ ಮೈಲಿಗೆ ರಸ್ತೆ ತಿರುಗಿತು. ಗುಡ್ಡಪ್ಪ ತಿರುಗಲಿಲ್ಲ.

ಅವತ್ತು ಅವನನ್ನು ಮನೆಗೆ ತಂದವನು ಒಬ್ಬ ಹೊಲದ ಯಜಮಾನ. ಎತ್ತಿನ ಗಾಡಿಯಲ್ಲಿ ಫಟಫಟಿ, ಫಟಫಟಿಯ ಪಕ್ಕ ಗುಡ್ಡಪ್ಪ, ಗುಡ್ಡಪ್ಪನ ಕಿವಿಯಲ್ಲಿ ಗೋವಿನಜೋಳದ ಸೂಲಂಗಿ ಹೂವು.

“ಯವ್ವಾ, ಇವ ನಿನ್ನ ಮಗನೇನು? ನನ್ನ ಜೋಳದಾಗ ಆ ತುದಿ ಮಟ ಹೋಗ್ಯಾನ. ಬ್ರೇಕ್ ಯಾಕ ಹಾಕಲಿಲ್ಲೋ ಅಂದ್ರ, ಅಜ್ಜ ಬ್ರೇಕಿನ ಮಾತು ಆಡಲಿಲ್ಲ ಅಂತಾನ!”

ಹಾಲವ್ವ ಅವನಿಗೆ ಒಂದು ಚೀಲ ಚುರುಮುರಿ ಕೊಟ್ಟು, ಕೈಮುಗಿದು ಕಳಿಸಿದಳು. ಆಮೇಲೆ ಮಗನ ಕಡೆ ತಿರುಗಿದಳು.

“ರಸ್ತೆ ತಿರುಗಿದ್ರ ನೀನೂ ತಿರುಗೋ, ಕೋಣ! ಯಾರನ್ನೂ ಕೇಳಬ್ಯಾಡ. ಬೋರ್ಡು ಓದಬ್ಯಾಡ. ಯಾರ ಹಿಂದೂ ಹೋಗಬ್ಯಾಡ. ಹೆಂಡತಿನ್ನ ಹಿಂದ ಕುಂದರಿಸಿಕೊಂಡು, ರಸ್ತೆ ಹೆಂಗ ಹೋಗತೈತಿ ಹಂಗ ಹೋಗು. ಸಾವಕಾಶ ಹೋಗು. ನಡಿಯೋರು ನಿನ್ನ ದಾಟಿ ಹೋದ್ರೂ ಚಿಂತಿಲ್ಲ.”

“ಆತವ್ವ. ಮತ್ತ ಸಮುದ್ರ ಬಂತು ಅಂತ ಹೆಂಗ ತಿಳಿತೈತಿ?”

ಗುಡ್ಡಪ್ಪ ಹುಟ್ಟಿದ ಮೇಲೆ ಕೇಳಿದ ಮೊದಲ ಬುದ್ಧಿವಂತ ಪ್ರಶ್ನೆ ಅದು. ಹಾಲವ್ವ ಸಮುದ್ರ ನೋಡಿರಲಿಲ್ಲ. ಆದರೆ ಗೊತ್ತಿಲ್ಲ ಅನ್ನುವುದು ಅವಳಿಗೆ ರೂಢಿಯಿರಲಿಲ್ಲ.

“ಆಚಿ ದಂಡಿ ಕಂಡ್ರ ಸಮುದ್ರ ಅಲ್ಲ. ಆಚಿ ದಂಡಿ ಕಾಣದಿದ್ರ ಅದ ಸಮುದ್ರ. ಗಾಡಿ ನಿಲ್ಲಿಸು, ಆಕಿಗೆ ತೋರಸು, ಒಂದು ಸೀಸೆ ನೀರು ತುಂಬಿಕೊಂಡು ತಿರುಗಿ ಬಾ. ಅಲ್ಲೇ ಕುಂತು ಹೊತ್ತು ಕಳಿಬ್ಯಾಡ.”

ನಾಗವೇಣಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು. ಹೊಸ ಸೀರೆ ಉಟ್ಟಳು. ಹಿಂದೆ ಕೂತಳು. ಓಣಿಯವರು ಬಾಗಿಲಿಗೆ ಬಂದು ನಿಂತು, ‘ತಂಗಿ, ಮನಸ್ಸು ಗಟ್ಟಿ ಮಾಡಿಕೋ’ ಎಂದು ಹರಸಿದರು.

ಗುಡ್ಡಪ್ಪ ಸಾವಕಾಶ ಹೋದ. ನಡೆಯುವವರು ದಾಟಿ ಹೋದರು. ಕುರಿಗಳು ದಾಟಿ ಹೋದವು. ನೀರು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿದ.

ಹೊಳೆ ಬಂತು. ಇಳಿದು ನೋಡಿದ. “ಆಚಿ ದಂಡಿ ಕಾಣತೈತಿ. ಅಲ್ಲ.”

ಬಾವಿ ಬಂತು. ಬಗ್ಗಿ ನೋಡಿದ. “ಕಾಣತೈತಿ. ಅಲ್ಲ.”

ಎಮ್ಮೆ ಹೊರಳುವ ಹೊಂಡ ಬಂತು. “ಇದೂ ಅಲ್ಲ.”

“ಇದನ್ನೂ ನೋಡಬೇಕೇನ್ರಿ?” ಅಂದಳು ನಾಗವೇಣಿ.

“ಅವ್ವ ಸಣ್ಣದು ದೊಡ್ಡದು ಅಂತ ಹೇಳಿಲ್ಲ.”

ಹೀಗಾಗಿ ಸಂಜೆಗೆ ಅವರು ಮುಟ್ಟಿದ್ದು ಹಿರೇಕೆರೂರು. ಅಲ್ಲಿ ನಾಗವೇಣಿಯ ಚಿಕ್ಕಮ್ಮನ ಮನೆಯಲ್ಲಿ ಉಂಡು ಮಲಗಿದರು. ಬೆಳಗಾಗುವ ಮೊದಲೇ ಎದ್ದು ಹೊರಟರು. ಮಾರ್ಗಶಿರದ ಚಳಿ, ದಟ್ಟ ಮಂಜು. ಫಟಫಟಿಯ ಮುಂದಿನ ಗಾಲಿ ಗುಡ್ಡಪ್ಪನಿಗೇ ಕಾಣುತ್ತಿರಲಿಲ್ಲ.

ಎರಡು ಮೈಲಿ ಹೋಗಿರಬೇಕು. ಬಲಕ್ಕೆ ನೀರು. ಗುಡ್ಡಪ್ಪ ನಿಲ್ಲಿಸಿದ. ಇಳಿದ. ನೋಡಿದ. ಮತ್ತೆ ನೋಡಿದ.

“ನಾಗಿ, ಇಳಿ. ಸಮುದ್ರ ಬಂತು.”

ನಾಗವೇಣಿ ಇಳಿದಳು. ಕಾಲ ಬುಡದಲ್ಲಿ ನೀರು, ಅದರಾಚೆ ಬರೀ ಬಿಳಿ. ದಂಡೆ ಇಲ್ಲ, ಗುಡ್ಡ ಇಲ್ಲ, ಗಿಡ ಇಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಎಷ್ಟು ದೊಡ್ಡದ್ರೀ!” ಆಮೇಲೆ ನೆನಪಾಯಿತು. “ಅಲ್ರೀ, ತೆರಿ ಬರತಾವ ಅಂದಿದ್ಲು ನಮ್ಮಕ್ಕ. ಮನಿಯಷ್ಟೆತ್ತರ ತೆರಿ.”

“ಅವ್ವ ತೆರಿ ಮಾತು ಹೇಳಿಲ್ಲ.”

ನಾಗವೇಣಿ ಒಂದು ಕ್ಷಣ ವಿಚಾರ ಮಾಡಿದಳು. ಅವಳ ಮುಖ ಅರಳಿತು.

“ಆಕಿ ಸುಳ್ಳು ಹೇಳತಾಳ ಅಂತ ನನಗ ಮೊದಲ ಗೊತ್ತಿತ್ತು!”

ಅಲ್ಲೇ ಮಂಜಿನೊಳಗೆ ಒಬ್ಬ ಎಮ್ಮೆ ಮೈ ತೊಳೆಯುತ್ತಿದ್ದ. ನಾಗವೇಣಿ ಕೇಳಿದಳು, “ಅಣ್ಣಾ, ಇದರ ಆಚಿಗೆ ಏನೈತಿ?”

“ಆಚಿಗಾ? ನಮ್ಮತ್ತಿ ಮನಿ.”

“ನೋಡ್ರಿ,” ಅಂದಳು ನಾಗವೇಣಿ ಗಂಡನ ಕಿವಿಯಲ್ಲಿ, “ಇಲ್ಲಿ ಮಂದಿ ಸಮುದ್ರದಾಚೆಯಿಂದ ಹೆಣ್ಣು ತರತಾರ. ಎಷ್ಟು ಮುಂದುವರಿದಾರ!”

ಅವಳು ನೀರಲ್ಲಿ ಕಾಲಿಟ್ಟಳು, ತಣ್ಣಗಿತ್ತು, ನಕ್ಕಳು. ಕೆಸರಿನಲ್ಲಿ ಒಂದು ಚಿಪ್ಪು ಸಿಕ್ಕಿತು, ಬಸವನಹುಳದ್ದು. ಅಕ್ಕನದಕ್ಕಿಂತ ದೊಡ್ಡದು. ಗುಡ್ಡಪ್ಪ ಸೀಸೆ ತುಂಬಿದ. ಇಬ್ಬರೂ ನಿಂತೇ ರೊಟ್ಟಿ ತಿಂದರು, ಏಕೆಂದರೆ ಕೂರಬೇಡ ಅಂದಿದ್ದಳು ಹಾಲವ್ವ. ಮಂಜು ಕರಗುವ ಮೊದಲೇ ತಿರುಗಿ ಹೊರಟರು. ದಾರಿಯುದ್ದಕ್ಕೂ ನಾಗವೇಣಿ ಹಾಡಿಕೊಂಡು ಬಂದಳು.

ಮರುದಿನ ಹಾಲವ್ವನ ಅಂಗಳದಲ್ಲಿ ಓಣಿಗೆ ಓಣಿಯೇ ನೆರೆಯಿತು. ಗಿರಿಜವ್ವನೂ ಬಂದಳು, ಚಿಪ್ಪು ನೋಡಿದಳು, ತನ್ನದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ಹಾಲವ್ವ ಸೀಸೆಗೆ ಕುಂಕುಮ ಹಚ್ಚಿ, ಒಬ್ಬೊಬ್ಬರ ಅಂಗೈಗೂ ಒಂದೊಂದು ಚಮಚ ತೀರ್ಥ ಹಾಕಿದಳು.

ಮೊದಲು ಕುಡಿದವರು ನಿವೃತ್ತ ಶಾಲಾ ಮಾಸ್ತರು ಕರಬಸಪ್ಪನವರು. ಕಣ್ಣು ಮುಚ್ಚಿ ತಲೆಯಾಡಿಸಿದರು.

“ಲವಣಾಂಶ ಭಾಳ ಐತಿ.”

“ಅಬ್ಬಾ, ಏನು ಉಪ್ಪು!” ಅಂದಳು ಆಚೆಮನೆಯ ಸಂಗವ್ವ.

“ನಾಲಿಗಿ ಸುಟ್ಟಂಗಾತು!” ಅಂದ ಕಟಿಂಗ್ ಅಂಗಡಿಯ ಫಕೀರಪ್ಪ.

ಎಲ್ಲರೂ ಗಿರಿಜವ್ವನ ಕಡೆ ನೋಡಿದರು. ಅವಳೊಬ್ಬಳೇ ಮೊದಲು ಸಮುದ್ರ ಕಂಡವಳು. ಅವಳು ಚಪ್ಪರಿಸಿದಳು, ಸುತ್ತ ನೋಡಿದಳು. “ಹೌದೌದು, ನಾವು ಹೋದಾಗೂ ಇಷ್ಟ ಉಪ್ಪಿತ್ತು.”

ಕೊನೆಗೆ ಒಂದು ಚಮಚ ಗುಡ್ಡಪ್ಪನಿಗೂ ಬಂತು.

“ಅವ್ವಾ, ಸಪ್ಪಗೈತಿ.”

ಓಣಿ ಬಿದ್ದು ಬಿದ್ದು ನಕ್ಕಿತು. ಮಾಸ್ತರು ಕಣ್ಣೊರೆಸಿಕೊಂಡರು. ಹಾಲವ್ವ ತಲೆಗೆ ಮೊಟಕಿದಳು. “ಸಮುದ್ರಕ್ಕ ಹೋಗಿ ಬಂದ್ರೂ ಪೆದ್ದ ಪೆದ್ದನ! ಮಂದಿ ಏನಂತಾರ ಅದನ್ನ ಅನ್ನೋ!”

“ಆತವ್ವ. ಉಪ್ಪೈತಿ.”

ನಾಗವೇಣಿ ತವರಿಗೆ ಹೋಗಲಿಲ್ಲ. ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು. “ಬ್ಯಾರೆ ಉಪ್ಪು ಹಾಕಬ್ಯಾಡ, ಉಳಿದ ನೀರು ಸುರುವು” ಎಂದು ಕೂಗಿದಳು ಹಾಲವ್ವ. ನಾಗವೇಣಿ ಸುರುವಿದಳು. ಆ ರಾತ್ರಿ ಮೂವರೂ ಸಮಾಧಾನದಿಂದ ಉಂಡರು.

ಸೀಸೆಯ ನೀರಿನಲ್ಲಿ ಉಪ್ಪಿರಲಿಲ್ಲ.